ಅಡ್ಜಸ್ಟ್ ಮಾಡ್ಕೊಳ್ಳೋದು ಯಾರು?

ಬೆಂಗಳೂರಲ್ಲಿ ಬಸ್ ಹತ್ತಿದವರಿಗೆಲ್ಲ ಗೊತ್ತಿರೋ ಮಂತ್ರ ಒಂದೇ: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.’ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಅಂಚಿಗೆ ಕೂರ್ತಾರೆ, ಯಾರೂ ಜಗಳ ಆಡಲ್ಲ. ಇದು ನಮ್ಮವರ ದೊಡ್ಡ ಗುಣ ಅಂತ ನಾನು ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ಮೊದಲ ಸಲ ಅಲ್ಲಾಡಿದ್ದು ಒಂದು ಬೇಟೆ ಬಂದೂಕಿನ ಮುಂದೆ ನಿಂತಾಗ.

ಆಗ ನಾನು ಅಮೆರಿಕದ ಮಿನ್ನೆಸೋಟಾದಲ್ಲಿದ್ದೆ. ಅಲ್ಲಿ ನವೆಂಬರ್ ಬಂತೆಂದರೆ ಜಿಂಕೆ ಬೇಟೆಯ ಕಾಲ. ನಮ್ಮ ಟೀಮಿನಲ್ಲಿ ರಿಟೈರ್ ಆಗೋಕೆ ಎರಡು ವರ್ಷ ಬಾಕಿಯಿದ್ದ ಒಬ್ಬರು ಹಿರಿಯರು ಅಕ್ಟೋಬರಿನ ಒಂದು ಶನಿವಾರ, ‘ರೈಫಲ್‌ಗೆ ಹೊಸ ಸ್ಕೋಪ್ ಕೂರಿಸ್ತಿದೀನಿ, ಬಾ’ ಅಂತ ತಮ್ಮ ಗ್ಯಾರೇಜಿಗೆ ಕರೆದರು. ಬೇಟೆ ನನಗಾಗದ ವಿಷಯ. ಆದರೆ ಸ್ಕ್ರೂ, ಸ್ಪ್ಯಾನರ್ ಅಂದರೆ ಹೋಗದೆ ಇರೋಕಾಗಲ್ಲ. ಮಂಡ್ಯ ಕಡೆಯ ಹಳ್ಳಿಯಲ್ಲಿ ಪಂಪ್‌ಸೆಟ್ ಜೊತೆಗೇ ಬೆಳೆದವನು ನಾನು.

ಸ್ಕೋಪ್ ಅಂದರೆ ಸಣ್ಣ ದೂರದರ್ಶಕ. ಹೊರಗೆ ಅಲ್ಯೂಮಿನಿಯಂ ಕೊಳವೆ, ಸಾಮಾನ್ಯವಾಗಿ 1 ಇಂಚು ಇಲ್ಲವೇ 30 ಮಿ.ಮೀ. ದಪ್ಪ. ರೈಫಲ್ಲಿನ ಬೆನ್ನ ಮೇಲೆ ಒಂದು ಪಟ್ಟಿ, ಪಟ್ಟಿಯ ಮೇಲೆ ಎರಡು ಉಂಗುರ, ಉಂಗುರಗಳ ಒಳಗೆ ಈ ಕೊಳವೆ. ಇಷ್ಟೇ. ಅವರು ಉಂಗುರಗಳ ಮೇಲಿನ ಅರ್ಧ ತೆಗೆದು ಕೊಳವೆಯನ್ನು ಮಲಗಿಸಿದರು. ಹಿಂದಿನ ಉಂಗುರದಲ್ಲಿ ಚೆನ್ನಾಗಿ ಕೂತಿತು. ಮುಂದಿನದರಲ್ಲಿ ಒಂದು ಪಕ್ಕಕ್ಕೆ ಕೂದಲೆಳೆಯಷ್ಟು ಬೆಳಕು ಕಾಣ್ತಿತ್ತು.

‘ಸ್ಕ್ರೂ ಬಿಗಿ ಮಾಡಿದ್ರೆ ಕೂತ್ಕೊಳ್ಳುತ್ತಲ್ಲ?’ ಅಂದೆ.

‘ಕೂತ್ಕೊಳ್ಳುತ್ತೆ. ಅದೇ ತೊಂದರೆ,’ ಅಂದರು.

ಉಂಗುರ ಉಕ್ಕಿನದು, ಕೆಳಗಿನ ಪಟ್ಟಿಯೂ ಉಕ್ಕಿನದು. ಇವು ಒಂದೇ ಗೆರೆಯಲ್ಲಿ ಇಲ್ಲದಿದ್ದಾಗ ಬಿಗಿ ಮಾಡಿದರೆ ಎಲ್ಲಕ್ಕಿಂತ ಮೆತ್ತಗಿರೋದು ಬಾಗುತ್ತೆ. ತಪ್ಪು ಯಾರದು ಅಂತ ಲೋಹ ಕೇಳಲ್ಲ. ಕೊಳವೆಯ ಒಳಗೆ ಇನ್ನೊಂದು ಸಣ್ಣ ಕೊಳವೆ ಸ್ಪ್ರಿಂಗ್ ಮೇಲೆ ಒರಗಿ ನಿಂತಿರುತ್ತೆ; ಮೇಲಿನ ಮತ್ತು ಪಕ್ಕದ ತಿರುಗಣೆಗಳು ಅದನ್ನೇ ಸರಿಸೋದು. ಹೊರಗಿನ ಕೊಳವೆ ಹಿಸುಕಿಸಿಕೊಂಡರೆ ಒಳಗಿನದು ಸಿಕ್ಕಿಹಾಕಿಕೊಳ್ಳಬಹುದು. ಆಗ ತಿರುಗಣೆ ‘ಟಿಕ್’ ಅನ್ನುತ್ತೆ, ಗುರಿ ಸರಿಯೋದೇ ಇಲ್ಲ. ಜೂಮ್ ಮಾಡುವ ಬಳೆ ಬಿಗಿಯಾಗುತ್ತೆ. ನಾಲ್ಕು ಗುಂಡು ಹಾರಿದ ಮೇಲೆ ಗುರಿ ಇದ್ದಲ್ಲಿ ಇರಲ್ಲ. ನೋಡೋಕೆ ಮಾತ್ರ ಎಲ್ಲ ನೆಟ್ಟಗೇ ಇರುತ್ತೆ.

ನನ್ನ ಮನಸ್ಸಿಗೆ ನಾಟಿದ್ದು ಆ ತಿರುಗಣೆಗಳ ವಿಷಯ. ಬಹಳ ಸ್ಕೋಪ್‌ಗಳಲ್ಲಿ ಒಂದು ಟಿಕ್‌ಗೆ 100 ಗಜದ ದೂರದಲ್ಲಿ ಸುಮಾರು ಕಾಲು ಇಂಚು ಸರಿಯುತ್ತೆ. ಅವಕ್ಕೊಂದು ಮಿತಿ ಇದೆ. ಆ ಮಿತಿ ಇರೋದು ದೂರಕ್ಕಾಗಿ, ಗಾಳಿಗಾಗಿ, ಅಂದರೆ ನಿಜವಾಗಿ ಬದಲಾಗೋ ಸಂಗತಿಗಳಿಗಾಗಿ. ಕೆಳಗಿನ ಪಟ್ಟಿಯೇ ಸೊಟ್ಟಗಿದ್ದರೂ ತಿರುಗಣೆ ತಿರುಗಿಸಿ ಗುರಿಗೆ ತರಬಹುದು. 100 ಗಜಕ್ಕೆ ಗುಂಡು ಸರಿಯಾಗೇ ಬೀಳುತ್ತೆ. ಆದರೆ ಇದ್ದಬದ್ದ ಅಡ್ಜಸ್ಟ್‌ಮೆಂಟ್ ಎಲ್ಲ ಸೊಟ್ಟ ಪಟ್ಟಿಯನ್ನು ಸರಿತೂಗಿಸೋಕೇ ಖರ್ಚಾಗಿ, 400 ಗಜಕ್ಕೆ ಬೇಕಾದಾಗ ತಿರುಗಣೆ ಕೊನೆ ಮುಟ್ಟಿ ನಿಂತುಬಿಡಬಹುದು. ಆಗ ಜನ ಸ್ಕೋಪನ್ನೇ ಬೈತಾರೆ.

ಅವರು ಸ್ಕೋಪ್ ಎತ್ತಿಟ್ಟರು. ಪಟ್ಟಿಯ ಹಿಂದಿನ ಸ್ಕ್ರೂಗಳನ್ನು ಹಾಗೇ ಬಿಟ್ಟು ಮುಂದಿನವನ್ನು ಸಡಿಲಿಸಿದರು. ಪಟ್ಟಿ ತಾನಾಗೇ ಒಂಚೂರು ಮೇಲೆದ್ದಿತು. ರೈಫಲ್ಲಿನ ಬೆನ್ನು ಮುಂದೆ ಸ್ವಲ್ಪ ತಗ್ಗು, ಪಟ್ಟಿಯನ್ನು ಬಗ್ಗಿಸಿ ಹಿಡಿದಿತ್ತು ಸ್ಕ್ರೂ. ತಗ್ಗಿನ ಜಾಗಕ್ಕೆ ಎಪಾಕ್ಸಿ ತುಂಬಿ, ಚೆನ್ನಾಗಿ ಕೂತಿದ್ದ ತುದಿಯನ್ನಷ್ಟೇ ಬಿಗಿದು, ಮುಂದಿನದನ್ನು ಎಳೆಯದೆ ರಾತ್ರಿಯಿಡೀ ಒಣಗಲು ಬಿಟ್ಟರು. ಭಾನುವಾರ ಮತ್ತೆ ಹೋದೆ. ಉಂಗುರಗಳ ಒಳಗೆ ಮಸೆಯುವ ಪೇಸ್ಟ್ ಸವರಿ, ಕೊಳವೆಯಷ್ಟೇ ದಪ್ಪದ ಉಕ್ಕಿನ ಸಲಾಕೆಯನ್ನು ಹಿಂದೆ ಮುಂದೆ ಆಡಿಸಿ ಉಬ್ಬಿದ ಕಡೆ ಸವೆಸಿದರು. ಒಳ್ಳೆ ಉಂಗುರಗಳಿಗೆ ಇದು ಬೇಕಾಗಲ್ಲ, ಜಾಸ್ತಿ ಉಜ್ಜಿದರೆ ಹಿಡಿತವೇ ಹೋಗುತ್ತೆ ಅಂತಾನೂ ಹೇಳಿದರು. ಕೊನೆಗೆ ಟಾರ್ಕ್ ರೆಂಚಿನಲ್ಲಿ ಆ ಪಕ್ಕ ಸ್ವಲ್ಪ, ಈ ಪಕ್ಕ ಸ್ವಲ್ಪ, 18 ಇಂಚ್-ಪೌಂಡ್ ತನಕ. ಅಂದರೆ ಸುಮಾರು 2 ನ್ಯೂಟನ್ ಮೀಟರ್. ನಮ್ಮೂರಲ್ಲಿ ಇದನ್ನ ಬಿಗಿ ಅಂತಾನೇ ಕರೆಯಲ್ಲ.

ನಮ್ಮೂರಲ್ಲಿ ಬಿಗಿ ಅಂದರೆ ಅಪ್ಪ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಅದರ ಮೇಲೆ ನಿಲ್ಲೋದು. ನಮ್ಮ ಪಂಪು ಮೋಟರಿನ ಮಧ್ಯದ ಕಪ್ಲಿಂಗ್ ರಬ್ಬರು ಪ್ರತಿ ಬೇಸಿಗೆ ಕಿತ್ತು ಹೋಗೋದು. ‘ಕಂಪ್ನಿ ಮಾಲೇ ಸರಿಯಿಲ್ಲ ಕಣ್ಲಾ’ ಅಂತ ಅಪ್ಪ ಹೊಸದು ತರೋರು. ಒಂದು ವರ್ಷ ಬೇರೆ ಮೆಕ್ಯಾನಿಕ್ ಬಂದ. ಮೋಟರಿನ ಒಂದು ಕಾಲಿನ ಬೋಲ್ಟ್ ಸಡಿಲಿಸಿದ, ಕಾಲು ಮೇಲೆದ್ದಿತು. ಹಳೇ ಆಯಿಲ್ ಡಬ್ಬದ ತಗಡು ಕತ್ತರಿಸಿ ಅದರಡಿ ತುರುಕಿದ. ಆಮೇಲೆ ಆ ರಬ್ಬರು ನಾನು ಬಿ.ಇ. ಮುಗಿಸೋವರೆಗೂ ಬಂತು. ಬಾಲ್ಯದಲ್ಲೇ ಕಂಡಿದ್ದ ಪಾಠ ಇದು, ಮಿನ್ನೆಸೋಟಾದವರೆಗೂ ನೆನಪಿಗೆ ಬಂದಿರಲಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಆ ಭಾನುವಾರ ಮನೆಗೆ ಕಾರ್ ಓಡಿಸುವಾಗ ತಲೇಲಿ ಇದ್ದಿದ್ದು ಪಂಪೂ ಅಲ್ಲ, ರೈಫಲ್ಲೂ ಅಲ್ಲ.

ನನ್ನ ಹೆಂಡತಿ ಮೈಸೂರಲ್ಲಿ ಐದು ವರ್ಷ ಟೆಸ್ಟಿಂಗ್ ಕೆಲಸ ಮಾಡಿದವಳು. ನನ್ನ ಜೊತೆ ಬಂದಿದ್ದು ಎಚ್-4 ವೀಸಾದಲ್ಲಿ, ಅಂದರೆ ಅವಲಂಬಿತೆಯಾಗಿ. 2015ರಿಂದ ಎಚ್-4ನಲ್ಲಿರೋ ಕೆಲವರಿಗೆ ಕೆಲಸದ ಅನುಮತಿ ಸಿಗುತ್ತೆ, ಆದರೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿರಬೇಕು. ನಂದು ಶುರುವೇ ಆಗಿರಲಿಲ್ಲ. ಊರಿಂದ ಅವ್ವ ‘ಹೆಂಗವ್ಳೆ?’ ಅಂದಾಗಲೆಲ್ಲ ‘ಚೆನ್ನಾಗಿ ಅಡ್ಜಸ್ಟ್ ಆಗವ್ಳೆ ಕಣವ್ವ’ ಅನ್ನುತ್ತಿದ್ದೆ. ಹೆಮ್ಮೆಯಿಂದಲೇ. ಆ ವರ್ಷ ಅವಳು ತಂಗಿ ಮದುವೆಗೆ ಆರು ವಾರ ಊರಿಗೆ ಹೋಗಿದ್ದಳು. ಫೋನಿನಲ್ಲಿ ಯಾರದೋ ಮಾತಿಗೆ ಜೋರಾಗಿ ನಕ್ಕಿದ್ದು ಕೇಳಿಸಿತು. ತವರು ಮನೆ ಖುಷಿ ಅಂದುಕೊಂಡೆ. ಸ್ಕ್ರೂ ಸಡಿಲವಾದಾಗ ಪಟ್ಟಿ ಮೇಲೆದ್ದಿದ್ದು ಅದು ಅಂತ ಆಗ ಹೊಳೆಯಲಿಲ್ಲ.

ವೀಸಾ ನಿಯಮ ಉಕ್ಕು, ಒಪ್ಪಿದೆ. ಅದನ್ನ ಸವೆಸೋ ಸಲಾಕೆ ನನ್ನ ಹತ್ತಿರ ಇರಲಿಲ್ಲ. ಆದರೆ ಉಂಗುರ? ವಾಪಸ್ ಹೋಗೋಣವಾ ಅನ್ನೋ ಪ್ರಶ್ನೆಯನ್ನ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ನನ್ನ ಪ್ರಾಜೆಕ್ಟು, ನನ್ನ ಸಾಲದ ಕಂತು, ನನ್ನ ಪ್ರಮೋಷನ್ನು ಇವು ಮೂರೂ ಅಲುಗಾಡದ ವಸ್ತುಗಳು ಅಂತ ಯಾವ ಕಾನೂನೂ ಹೇಳಿರಲಿಲ್ಲ. ಮೆತ್ತಗಿದ್ದವಳು ಅವಳು, ಅದಕ್ಕೇ ಬಾಗಿದಳು. ನಾನು ಅದಕ್ಕೆ ಒಳ್ಳೆಯ ಗುಣ ಅಂತ ಹೆಸರಿಟ್ಟೆ.

ಮನುಷ್ಯರು ಅಲ್ಯೂಮಿನಿಯಂ ಅಲ್ವಲ್ಲ ಅಂತ ನೀವು ಕೇಳಬಹುದು. ಸರಿ. ಹಾಸ್ಟೆಲಿಗೆ ಬಂದ ಮೊದಲ ವರ್ಷ ನನ್ನ ಇಂಗ್ಲಿಷ್ ಕೇಳಿ ಹುಡುಗರು ನಗುತ್ತಿದ್ದರು. ಬಾಗಿದೆ, ಕಲಿತೆ, ಅದರಿಂದಲೇ ಬೆಳೆದೆ. ಕೊಳವೆ ಬೆಳೆಯಲ್ಲ. ಏನನ್ನೂ ಯಾರೂ ಹಿಡಿಯಬಾರದು ಅಂದರೆ ಸ್ಕೋಪ್ ಕೆಳಗೆ ಬೀಳುತ್ತೆ, ಸಂಸಾರವೂ ಅಷ್ಟೇ. ಬಾಗೋದು ಯಾವಾಗ ಬೆಳವಣಿಗೆ, ಯಾವಾಗ ಒತ್ತಡ ಅಂತ ಹೊರಗಿನಿಂದ ನೋಡಿ ಹೇಳೋದು ನನಗೆ ಈಗಲೂ ಬರಲ್ಲ. ಬಾಗಿದವರನ್ನ ಕೇಳಬೇಕು, ಅದೂ ಸ್ಕ್ರೂ ಸಡಿಲಿಸಿದ ಮೇಲೆ. ಬಿಗಿದು ಹಿಡಿದಾಗ ಕೇಳಿದರೆ ಎಲ್ಲರೂ ‘ಆರಾಮಾಗಿದೀನಿ’ ಅಂತಾರೆ.

ಅವತ್ತು ರಾತ್ರಿ ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಸ್ಕೋಪಿನ ಕತೆ ಪೂರ್ತಿ ಹೇಳಿದೆ. ಎಪಾಕ್ಸಿ, ಟಾರ್ಕ್ ಯಾವುದರಲ್ಲೂ ಅವಳಿಗೆ ಆಸಕ್ತಿ ಇರಲಿಲ್ಲ. ಒಂದೇ ಕೇಳಿದಳು.

‘ಪಟ್ಟಿ ಸಡಿಲ ಮಾಡಿ ನೋಡಿದ್ರಲ್ಲ, ಅವರಿಗೆ ಮೊದಲೇ ಅನುಮಾನ ಇತ್ತಾ?’

‘ಇಲ್ಲ. ಯಾವಾಗಲೂ ಒಂದ್ಸಲ ನೋಡ್ತಾರಂತೆ.’

‘ಹೂಂ,’ ಅಂದಳು. ಎರಡು ಅಂಗಿ ಮಡಚಿದಳು. ಆಮೇಲೆ ಕೂತು ಮಾತಾಡೋಕೆ ಶುರು ಮಾಡಿದಳು, ಎರಡು ಗಂಟೆಯಾಯಿತು.

ಮುಂದಿನ ಜೂನ್‌ಗೆ ನಾವು ಬೆಂಗಳೂರಿಗೆ ವಾಪಸ್ ಬಂದೆವು. ಅವಳಿಗೆ ಕೆಲಸ ಸಿಕ್ಕಿತು. ನನ್ನ ಸಂಬಳ ಇಳಿಯಿತು, ಸಾಲ ಇನ್ನೂ ಇದೆ. ಈಗ ಅಡ್ಜಸ್ಟ್ ಮಾಡ್ಕೊಳ್ಳೋ ಸರದಿ ನಿಮ್ದು ಅಂತ ಆಗಾಗ ತಮಾಷೆ ಮಾಡ್ತಾಳೆ. ತಮಾಷೆ ಅಂತ ನಾನು ಅಂದುಕೊಂಡಿದೀನಿ.