ಕೊಂಡ ವಸ್ತು ಯಾರದ್ದು?

ಬೆಲೆ ಕೊಟ್ಟು ತಂದ ಮೇಲೆ ವಸ್ತು ನಮ್ಮದು ಎಂಬುದು ನಮ್ಮೆಲ್ಲರ ಹಳೆಯ ನಂಬಿಕೆ. ಉಟ್ಟು ಹಳತಾದ ಸೀರೆಯಲ್ಲಿ ಮಗಳಿಗೆ ಲಂಗ ಹೊಲಿಸುತ್ತೇವೆ, ಕೂಸಿಗೆ ಜೋಲಿ ಕಟ್ಟುತ್ತೇವೆ. ನೇಯ್ದವರ ಅಪ್ಪಣೆ ಕೇಳುವವರುಂಟೆ? ಆದರೆ ಮಕ್ಕಳು ಟಿವಿಗೆ ಸಿಕ್ಕಿಸಿ ಆಡುವ ಆಟದ ಯಂತ್ರದ ವಿಷಯದಲ್ಲಿ ಈ ಲೆಕ್ಕ ನಡೆಯದು. ತಯಾರಕರು ಅದರೊಳಗೆ ಬೀಗ ಹಾಕಿರುತ್ತಾರೆ; ಅವರು ಒಪ್ಪಿದ ಆಟ ಮಾತ್ರ ಅದರಲ್ಲಿ ಓಡುತ್ತದೆ.

ಆ ಬೀಗ ದಾಟಿ ಹವ್ಯಾಸಿಗಳು ತಾವೇ ಬರೆದು ಓಡಿಸುವ ಸಾಫ್ಟ್‌ವೇರಿಗೆ ‘ಹೋಂಬ್ರೂ’ ಎಂದು ಹೆಸರು. ಮನೆಯಲ್ಲೇ ತಯಾರಾದದ್ದು ಎಂದರ್ಥ. ನಮ್ಮ ಹಪ್ಪಳ ಸಂಡಿಗೆಯ ಹಾಗೆ ಎನ್ನಿ. 2006ರಲ್ಲಿ ಬಂದ ನಿಂಟೆಂಡೊ ಕಂಪನಿಯ ‘ವೀ’ ಯಂತ್ರಕ್ಕೆ ಡಿವಿಡಿ ಸಿನಿಮಾ ಹಾಕಿದರೆ ನಡೆಯುತ್ತಿರಲಿಲ್ಲ. ಹವ್ಯಾಸಿಗಳ ಸಾಫ್ಟ್‌ವೇರ್ ಸೇರಿಸಿದವರ ಮನೆಯಲ್ಲಿ ಅದೇ ಯಂತ್ರ ಸಿನಿಮಾ ತೋರಿಸಿತು.

ಸೋನಿಯವರ ಪ್ಲೇಸ್ಟೇಷನ್ 3ರ ಕಥೆ ಬೇರೆ. ಅದನ್ನು ಲಿನಕ್ಸ್ ಹಾಕಿ ಕಂಪ್ಯೂಟರಿನಂತೆ ಬಳಸುವ ಅನುಕೂಲವನ್ನು ಕಂಪನಿಯೇ ಕೊಟ್ಟಿತ್ತು. 2010ರ ಏಪ್ರಿಲ್ 1ರಂದು, ಭದ್ರತೆಯ ಕಾರಣ ಹೇಳಿ, ಒಂದು ಅಪ್‌ಡೇಟ್ ಮೂಲಕ ಅದನ್ನು ತೆಗೆದುಹಾಕಿತು. ಅಪ್‌ಡೇಟ್ ಬೇಡವೆಂದವರಿಗೆ ಇಂಟರ್ನೆಟ್ಟಿನಲ್ಲಿ ಇತರರೊಡನೆ ಆಡುವ ಅವಕಾಶ ತಪ್ಪಿತು. ಮಾರಿದ ಮನೆಗೆ ಮರಳಿ ಬಂದು ಒಂದು ಕೋಣೆಗೆ ಬೀಗ ಜಡಿದಂತಲ್ಲವೇ ಇದು?

ಹಾಗೆಂದು ಬೀಗ ಒಡೆದದ್ದೆಲ್ಲ ಸರಿಯೇ? ಅದೇ ದಾರಿಯಲ್ಲಿ ಕದ್ದ ಆಟಗಳೂ ಒಳಗೆ ಬರುತ್ತವೆ. ಆಟ ಬರೆದವರದೂ ದುಡಿಮೆಯೇ.

ನಮ್ಮ ಕ್ಯಾಲನೂರಿನ ಕಡೆ ರಾಗಿಯ ಒಳ್ಳೆಯ ತೆನೆ ಆರಿಸಿ ಬಿತ್ತನೆಗೆ ಎತ್ತಿಡುವುದು ಹೆಣ್ಣುಮಕ್ಕಳ ಕೆಲಸ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ನೋಂದಾಯಿತ ತಳಿಯ ಬೀಜವನ್ನೂ ಉಳಿಸಿ ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಬ್ರ್ಯಾಂಡಿನ ಬೀಜವೆಂದು ಮಾತ್ರ ಮಾರಬಾರದು. ಆಟದ ಯಂತ್ರಕ್ಕೂ ಇಂಥದೊಂದು ಗೆರೆ ಬೇಕು ಎಂದು ನನಗನ್ನಿಸುತ್ತದೆ. ನಾವೇ ಬರೆದದ್ದನ್ನು, ಬರೆದವರು ಒಪ್ಪಿ ಕೊಟ್ಟದ್ದನ್ನು ನಮ್ಮ ಯಂತ್ರದಲ್ಲಿ ಓಡಿಸುವುದು ಬೀಜ ಎತ್ತಿಟ್ಟಂತೆ. ಮಾರಾಟದ ಆಟವನ್ನು ಬಿಟ್ಟಿಯಾಗಿ ನಕಲು ಮಾಡುವುದು ಪಕ್ಕದ ಹೊಲದ ತೆನೆ ಮುರಿದಂತೆ.

ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮೂ, ಕೃತಿಯ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಉದ್ದೇಶ ಎಂಬ ಮಾತನ್ನು ಗಮನಿಸಿ.

ಬೀಗ ತೆಗೆಯಲು ಹೋಗಿ ಯಂತ್ರವೇ ಕೆಡಬಹುದು, ಗ್ಯಾರಂಟಿಯೂ ಹೋಗಬಹುದು. ಆ ನಷ್ಟ ನಮ್ಮದೇ. ಅದನ್ನು ಮಕ್ಕಳಿಗೆ ಮೊದಲೇ ತಿಳಿಸೋಣ. ಆದರೆ ಮಗನೋ ಮಗಳೋ “ಅಮ್ಮಾ, ಇದರ ಬೀಗ ತೆಗೀಲಾ?” ಎಂದಾಗ, ಬೈದು ಬಾಯಿ ಮುಚ್ಚಿಸುವ ಮೊದಲು, “ತೆಗೆದು ಏನು ಮಾಡ್ತೀಯ?” ಎಂದು ಒಮ್ಮೆ ಕೇಳೋಣ.