ಹಿಟ್ಟಿನ ಕೋಳಿ, ಕಾಗದದ ಜಿಂಕೆ

ಸ್ಥೂಲಹಿಂಸೆಯನ್ನು ತ್ಯಜಿಸಿದ ಶ್ರಾವಕನು ಪ್ರಾಣಿವಧೆ ಮಾಡತಕ್ಕದ್ದಲ್ಲ ಎಂಬುದು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ತಿಳಿದ ಮಾತು. ಆದರೆ ಯಾವ ಪ್ರಾಣಿಯನ್ನೂ ಕೊಲ್ಲದೆ, ಕೊಲ್ಲುವ ಕೌಶಲವನ್ನು ಮಾತ್ರ ಅಭ್ಯಾಸ ಮಾಡಿದರೆ ಅವನ ವ್ರತಕ್ಕೆ ಭಂಗವುಂಟೇ? ಮೇಲುನೋಟಕ್ಕೆ ಇದು ಪಂಡಿತರ ವಾದವಿನೋದದಂತೆ ತೋರಬಹುದು. ನನಗೆ ಮಾತ್ರ ಈ ಪ್ರಶ್ನೆ ಗ್ರಂಥದಿಂದ ಬಂದುದಲ್ಲ. ನಮ್ಮ ಬಂಧುವರ್ಗದ ತರುಣನೊಬ್ಬನ ಪತ್ರದಿಂದ ಬಂದುದು.

ಈತನು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇಂಜಿನಿಯರ್ ಆಗಿದ್ದಾನೆ. ೨೦೧೮ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಬಂದಿದ್ದಾಗ ಮುನಿಗಳ ಸನ್ನಿಧಿಯಲ್ಲಿ ಸಪ್ತವ್ಯಸನಗಳನ್ನು ತ್ಯಜಿಸಿ ಅಹಿಂಸಾಣುವ್ರತವನ್ನು ಸ್ವೀಕರಿಸಿದನು. ಪ್ರತಿ ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಹತ್ತು ದಿನವೂ ಏಕಭುಕ್ತನಾಗಿದ್ದು ಅನಂತ ಚತುರ್ದಶಿಯಂದು ಉಪವಾಸ ಮಾಡುತ್ತಾನೆ. ಆತನ ನೆರೆಮನೆಯವರು ವಯಸ್ಸಾದ ಸಜ್ಜನರು. ಈತನ ತಾಯಿ ಅಲ್ಲಿ ಕಾಯಿಲೆ ಬಿದ್ದಿದ್ದ ಚಳಿಗಾಲದಲ್ಲಿ, ಕರೆಯುವ ಮೊದಲೇ ಸಲಿಕೆ ಹಿಡಿದು ಬಂದು ಮನೆಯ ಮುಂದಿನ ಹಿಮವನ್ನು ತೆಗೆದು ವಾಹನಕ್ಕೆ ದಾರಿ ಮಾಡಿಕೊಟ್ಟವರು. ಅವರು ತಲೆಮಾರುಗಳಿಂದ ಬೇಟೆಯ ಮನೆತನದವರು. ಅವರ ಸ್ನೇಹದಿಂದ ಈ ತರುಣನು ಗುರಿ ಹೊಡೆಯುವ ಮೈದಾನಕ್ಕೆ ಹೋಗತೊಡಗಿದನು. ಒಂದು ವರ್ಷದಲ್ಲಿ ಕೈ ಪಳಗಿತು. ಈಗ ನೆರೆಯವರು ಬೇಟೆಯ ಋತುವಿನಲ್ಲಿ ತಮ್ಮೊಡನೆ ಕಾಡಿಗೆ ಬರಬೇಕೆಂದು ಕೇಳಿದ್ದಾರೆ. ಬಂದೂಕು ಮುಟ್ಟುವುದು ಬೇಡ. ಪಕ್ಕದಲ್ಲಿ ಕುಳಿತು ದುರ್ಬೀನಿನಲ್ಲಿ ನೋಡಿ ಜಿಂಕೆಯ ದೂರವನ್ನೂ ಗಾಳಿಯ ಲೆಕ್ಕವನ್ನೂ ಹೇಳಿದರೆ ಸಾಕು.

ತರುಣನು ಬರೆದಿದ್ದನು: “ದೊಡ್ಡಪ್ಪನವರೆ, ನಾನು ಹೊಡೆಯುವುದು ಕಾಗದವನ್ನು. ಯಾವ ಜೀವಿಗೂ ನನ್ನಿಂದ ನೋವಾಗಿಲ್ಲ. ಉಸಿರನ್ನು ಹಿಡಿದು ಗುರಿ ನೋಡುವ ಆ ಅರ್ಧ ಗಂಟೆಯಲ್ಲಿ ನನ್ನ ಮನಸ್ಸು ಸಾಮಾಯಿಕದಲ್ಲಿಯೂ ನಿಲ್ಲದಷ್ಟು ಸ್ಥಿರವಾಗಿ ನಿಲ್ಲುತ್ತದೆ. ಅಭ್ಯಾಸವಿಲ್ಲದವನ ಗುಂಡಿಗೆ ಸಿಕ್ಕ ಜಿಂಕೆ ಗಾಯಗೊಂಡು ನರಳಿ ಸಾಯುತ್ತದೆ, ಅಭ್ಯಾಸವೇ ದಯೆ ಎಂದು ನಮ್ಮ ನೆರೆಯವರು ಹೇಳುತ್ತಾರೆ. ನನ್ನ ವ್ರತ ಉಳಿದಿದೆಯೇ, ಹೋಗಿದೆಯೇ?”

ಪ್ರಾಮಾಣಿಕವಾದ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಸಲ್ಲಬೇಕು. ಅದಕ್ಕೆ ಮೊದಲು ಆ ನಾಡಿನ ಸ್ಥಿತಿಯನ್ನು ತಿಳಿಯುವುದು ಅವಶ್ಯ. ೧೯೦೦ರ ವೇಳೆಗೆ ಪೆನ್ಸಿಲ್ವೇನಿಯಾದಲ್ಲಿ ಬಿಳಿಬಾಲದ ಜಿಂಕೆ ಬಹುಮಟ್ಟಿಗೆ ಅಳಿದುಹೋಗಿತ್ತು. ಬೇರೆ ರಾಜ್ಯಗಳಿಂದ ಜಿಂಕೆಗಳನ್ನು ತರಿಸಿ ಬಿಟ್ಟು, ಬೇಟೆಗೆ ಕಟ್ಟುಪಾಡು ವಿಧಿಸಿದ ಮೇಲೆ ಸಂತತಿ ಮತ್ತೆ ಹೆಚ್ಚಿತು. ಆದರೆ ಅವನ್ನು ತಿನ್ನುತ್ತಿದ್ದ ತೋಳ ಮೊದಲಾದ ಮೃಗಗಳು ಅಲ್ಲಿ ಉಳಿಯಲಿಲ್ಲ. ಹೆಚ್ಚಿದ ಜಿಂಕೆಗಳು ಕಾಡಿನ ಎಳೆ ಸಸಿಗಳನ್ನು ಮೇದುಬಿಡುತ್ತವೆ. ರಸ್ತೆಗಳಲ್ಲಿ ವಾಹನಗಳಿಗೆ ಸಿಕ್ಕಿ ಸಾಯುತ್ತವೆ. ಈಚಿನ ವರ್ಷಗಳಲ್ಲಿ ಆ ಒಂದು ರಾಜ್ಯದಲ್ಲಿಯೇ ವರ್ಷಕ್ಕೆ ನಾಲ್ಕು ಲಕ್ಷದ ಆಸುಪಾಸಿನ ಜಿಂಕೆಗಳು ಬೇಟೆಗೆ ಬಲಿಯಾಗುತ್ತಿವೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಅನಂತರದ ಸೋಮವಾರದಂದು ರೈಫಲ್ ಬೇಟೆ ಆರಂಭವಾಗುವುದು ಅಲ್ಲಿನ ಹಳೆಯ ಪದ್ಧತಿಯಾಗಿತ್ತು. ಅನೇಕ ಶಾಲೆಗಳು ಅಂದು ರಜೆ ಕೊಡುತ್ತಿದ್ದವು. ೨೦೧೯ರಿಂದ ಆರಂಭದ ದಿನ ಶನಿವಾರಕ್ಕೆ ಬದಲಾಗಿದೆ. ಬಂದೂಕು ಮತ್ತು ತೋಟಾಗಳ ಮೇಲಿನ ಕೇಂದ್ರ ತೆರಿಗೆಯ ಹಣ ೧೯೩೭ರ ಒಂದು ಕಾಯಿದೆಯ ಮೂಲಕ ವನ್ಯಜೀವಿಗಳ ರಕ್ಷಣೆಗೆ ಸಲ್ಲುತ್ತದೆ. ಆದುದರಿಂದ ಅಲ್ಲಿನ ಬೇಟೆಗಾರರನ್ನು ಕ್ರೂರರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಪರನಿಂದೆ ನೀಚಗೋತ್ರ ಕರ್ಮಕ್ಕೆ ಕಾರಣವೆಂದು ಆಚಾರ್ಯರೇ ಎಚ್ಚರಿಸಿದ್ದಾರೆ. ನಮ್ಮ ಪ್ರಶ್ನೆ ಅವರನ್ನು ಕುರಿತದ್ದಲ್ಲ; ವ್ರತ ತೊಟ್ಟವನನ್ನು ಕುರಿತದ್ದು.

ಇನ್ನು ದೂರದ ಗುರಿಯೆಂದರೆ ಏನೆಂಬುದನ್ನು ನೋಡೋಣ. ಈಗಿನ ರೈಫಲ್‌ಗಳಿಂದ ಸಾವಿರ ಗಜ, ಎಂದರೆ ಸುಮಾರು ೯೧೪ ಮೀಟರು ದೂರದ ಗುರಿಯನ್ನು ಹೊಡೆಯಲು ಯತ್ನಿಸುವವರಿದ್ದಾರೆ. ಅಷ್ಟು ದೂರ ಹೋಗುವಷ್ಟರಲ್ಲಿ ಗುಂಡು ಏಳೆಂಟು ಮೀಟರು ಕೆಳಕ್ಕೆ ಬಾಗುತ್ತದೆ. ಗಂಟೆಗೆ ೧೬ ಕಿಲೋಮೀಟರು ವೇಗದ ಅಡ್ಡಗಾಳಿ ಅದನ್ನು ಒಂದೂವರೆ ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಸುತ್ತದೆ. ಜಿಂಕೆಯ ಹೃದಯ-ಶ್ವಾಸಕೋಶಗಳ ಮರ್ಮಸ್ಥಾನವಾದರೋ ಇಪ್ಪತ್ತು-ಇಪ್ಪತ್ತೈದು ಸೆಂಟಿಮೀಟರು ಮಾತ್ರ. ಆದುದರಿಂದಲೇ ಇಷ್ಟೊಂದು ಲೆಕ್ಕಾಚಾರ, ಇಷ್ಟೊಂದು ಅಭ್ಯಾಸ. ಗುಂಡು ತಲುಪಲು ಸುಮಾರು ಒಂದೂವರೆ ಸೆಕೆಂಡು ಬೇಕು. ಬಂದೂಕಿನ ಸದ್ದು ತಲುಪಲು ಎರಡೂವರೆ ಸೆಕೆಂಡಿಗೂ ಹೆಚ್ಚು. ತನ್ನನ್ನು ಕೊಂದ ಸದ್ದನ್ನು ಜಿಂಕೆ ಕೇಳುವುದೇ ಇಲ್ಲ. ಆ ಒಂದೂವರೆ ಸೆಕೆಂಡಿನಲ್ಲಿ ಅದು ಮೇವಿಗಾಗಿ ಒಂದು ಹೆಜ್ಜೆ ಮುಂದಿಟ್ಟರೆ, ಎಷ್ಟೇ ಪಳಗಿದ ಕೈಯ ಗುಂಡೂ ಹೃದಯವನ್ನು ಬಿಟ್ಟು ಹೊಟ್ಟೆಯನ್ನು ಸೀಳುತ್ತದೆ.

ಗಮನಾರ್ಹವಾದ ಸಂಗತಿಯೆಂದರೆ, ಈ ವಿಚಾರದಲ್ಲಿ ಬೇಟೆಗಾರರ ಮನಸ್ಸೂ ಅಳುಕಿದೆ. ೧೮೮೭ರಲ್ಲಿ ಸ್ಥಾಪಿತವಾದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಅಮೆರಿಕದ ಬೇಟೆಗಾರರದೇ ಹಳೆಯ ಸಂಸ್ಥೆ. ಎಷ್ಟು ದೂರದಿಂದ ಹೊಡೆಯಬಲ್ಲೆನೆಂದು ಜೀವಂತ ಪ್ರಾಣಿಯ ಮೇಲೆ ಪರೀಕ್ಷಿಸುವುದೇ ಉದ್ದೇಶವಾದರೆ ಅದಕ್ಕೆ ಬೇಟೆಯೆಂಬ ಹೆಸರೂ ಸಲ್ಲದು ಎಂಬುದು ಅದರ ನಿಲುವು. ಪ್ರಾಣಿಯ ಕಣ್ಣು, ಕಿವಿ, ಮೂಗುಗಳಿಗೆ ತಪ್ಪಿಸಿಕೊಳ್ಳುವ ಅವಕಾಶವೇ ಇಲ್ಲದ ದೂರದಲ್ಲಿ ಉಳಿಯುವುದು ಕೇವಲ ಕೌಶಲದ ಅಹಂಕಾರ ಎಂದು ಅವರಿಗೂ ಅನ್ನಿಸಿದೆ.

ಈಗ ಶಾಸ್ತ್ರದತ್ತ ತಿರುಗೋಣ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವಾಧಿಕರಣದ ೧೦೮ ಭೇದಗಳು ಹೇಳಲ್ಪಟ್ಟಿವೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು. ಕ್ರೋಧಾದಿ ಕಷಾಯಗಳು ನಾಲ್ಕು. ಇವನ್ನು ಒಂದರಿಂದೊಂದು ಗುಣಿಸಿದರೆ ೧೦೮. ನಮ್ಮ ಜಪಮಾಲೆಯ ಮಣಿಗಳಿಗೂ ಈ ಸಂಖ್ಯೆಗೂ ಸಂಬಂಧವುಂಟೆಂದು ಹಿರಿಯರು ಹೇಳುವುದುಂಟು. ಇಲ್ಲಿ ಸಂರಂಭವೆಂದರೆ ಕಾರ್ಯದ ಸಂಕಲ್ಪ. ಆರಂಭವೆಂದರೆ ಕಾರ್ಯಕ್ಕೆ ತೊಡಗುವುದು. ನಡುವಿನ ಸಮಾರಂಭವೆಂದರೆ ಏನು? ಸಾಧನಗಳನ್ನು ಅಭ್ಯಾಸಮಾಡಿಕೊಳ್ಳುವುದು ಎಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅರ್ಥ ಹೇಳಿದ್ದಾರೆ. ಬಂದೂಕೆಂಬುದು ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಅಭ್ಯಾಸಕ್ಕೆ ಹಿಂಸೆಯ ಸೋಪಾನದಲ್ಲಿ ಒಂದು ಮೆಟ್ಟಿಲಿನ ಸ್ಥಾನ ದೊರೆತಿತ್ತು. ಆದುದರಿಂದ “ಅಭ್ಯಾಸ ಮಾತ್ರ” ಎಂಬ ಮಾತು ಪೂರ್ಣವಾದ ಸಮಾಧಾನವಾಗಲಾರದು. ಯಾವುದರ ಅಭ್ಯಾಸ ಎಂಬುದನ್ನು ಕೇಳಲೇಬೇಕು.

ಇದನ್ನು ನಮ್ಮ ಕನ್ನಡದ ಜನ್ನ ಕವಿ ೧೨೦೯ರಲ್ಲಿ ರಚಿಸಿದ ಯಶೋಧರಚರಿತೆಗಿಂತ ಸ್ಪಷ್ಟವಾಗಿ ತಿಳಿಸುವ ಕೃತಿ ಬೇರೊಂದಿಲ್ಲ. ಯಶೋಧರ ರಾಜನು ಜೀವಂತ ಕೋಳಿಯನ್ನು ಬಲಿಗೊಡಲು ಒಪ್ಪಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯವನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಕಡಿದನು. ಅದರಲ್ಲಿ ರಕ್ತವಿರಲಿಲ್ಲ, ಪ್ರಾಣವಿರಲಿಲ್ಲ. ಆದರೂ ಕಡಿದಾಗ ಆ ಹಿಟ್ಟಿನ ಕೋಳಿ ಕೂಗಿತು. ಕತ್ತಿ ಎತ್ತಿದ ಕೈಯ ಹಿಂದೆ ಕೋಳಿಯನ್ನು ಕಡಿಯುವ ಸಂಕಲ್ಪವಿತ್ತು. ಆ ಒಂದು ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಕ್ಕಳು ನವಿಲು, ನಾಯಿ ಮೊದಲಾಗಿ ಪಶುಜನ್ಮಗಳಲ್ಲಿ ತೊಳಲಿದರು.

ಅದೇ ಕಾವ್ಯದಲ್ಲಿ ಮುಂದೆ ಮತ್ತೊಂದು ಪ್ರಸಂಗವುಂಟು. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತಾಯಿ-ಮಕ್ಕಳು ಕಡೆಗೆ ಎರಡು ಕೋಳಿಗಳಾಗಿ ಹುಟ್ಟಿ, ಮುನಿಯ ಉಪದೇಶವನ್ನು ಕೇಳಿ, ಪೂರ್ವಜನ್ಮದ ಸ್ಮರಣೆಯುಂಟಾಗಿ ಆನಂದದಿಂದ ಕೂಗುತ್ತವೆ. ದೂರದಲ್ಲಿದ್ದ ರಾಜ ಯಶೋಮತಿಯು ರಾಣಿಗೆ ತನ್ನ ಶಬ್ದವೇಧಿ ವಿದ್ಯೆಯನ್ನು ತೋರಿಸುವ ಹುರುಪಿನಲ್ಲಿ, ಆ ಕೂಗನ್ನೇ ಗುರಿಯಾಗಿಟ್ಟು ಬಾಣ ಬಿಡುತ್ತಾನೆ. ಎರಡೂ ಕೋಳಿಗಳು ಸಾಯುತ್ತವೆ. ಅವನಿಗೆ ಹಸಿವಿರಲಿಲ್ಲ, ಭಯವಿರಲಿಲ್ಲ, ದ್ವೇಷವೂ ಇರಲಿಲ್ಲ, ಕೌಶಲವೊಂದಿತ್ತು. ಕೊಂದುದು ತನ್ನ ತಂದೆಯನ್ನು ಮತ್ತು ಅಜ್ಜಿಯನ್ನು. ದೂರವು ಗುರಿಯನ್ನು ಮರೆಮಾಡಿತು. ಕೌಶಲವು ಆ ಮರೆಯನ್ನು ಹಿರಿಮೆಯೆಂದು ಬಗೆಯಿತು. ಸಾವಿರ ಗಜದ ಬಂದೂಕು ಈ ಕಾಲದ ಶಬ್ದವೇಧಿಯಲ್ಲವೇ?

ಇಲ್ಲಿ ಒಂದು ಆಕ್ಷೇಪ ಬರಬಹುದು. ಆಯುಧಾಭ್ಯಾಸವೇ ದೋಷವಾದರೆ ಗೊಮ್ಮಟೇಶ್ವರನ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿರಲಿಲ್ಲವೇ? ಹೌದು. ಆದುದರಿಂದಲೇ ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕೆಂದೂ ಉಳಿದವುಗಳಲ್ಲಿ ಎಚ್ಚರದಿಂದಿರಬೇಕೆಂದೂ ವಿಧಿಸಿದರು. ನಾಡನ್ನು ಕಾಯುವ ಸೈನಿಕನ ಅಭ್ಯಾಸವೂ ಮೇಯುತ್ತಿರುವ ಜಿಂಕೆಗಾಗಿ ಮಾಡುವ ಅಭ್ಯಾಸವೂ ಕೈಗೆ ಒಂದೇ, ಮನಸ್ಸಿಗೆ ಒಂದಲ್ಲ. ದುಂಡನೆಯ ಗೆರೆಗಳಿರುವ ಕಾಗದಕ್ಕೆ ಗುರಿಯಿಡುವ ಆಟಗಾರನನ್ನು ಹಿಂಸಕನೆಂದು ನಾನು ಕರೆಯಲಾರೆ. ಆದರೆ ಜಿಂಕೆಯ ಚಿತ್ರವಿರುವ, ಅದರ ಹೃದಯದ ಜಾಗದಲ್ಲಿ ವೃತ್ತ ಬರೆದಿರುವ ಗುರಿಹಲಗೆಗಳೂ ಉಂಟು. ಒಲಿಂಪಿಕ್ ಕ್ರೀಡೆಗಳಲ್ಲಿಯೇ ೧೯೦೮ರಿಂದ ೧೯೨೪ರವರೆಗೆ, ಮತ್ತೆ ೧೯೫೨ ಮತ್ತು ೧೯೫೬ರಲ್ಲಿ ‘ಓಡುವ ಜಿಂಕೆ’ ಎಂಬ ಸ್ಪರ್ಧೆಯಿತ್ತು. ಸಾಗುವ ಜಿಂಕೆಯಾಕೃತಿಗೆ ನೂರು ಮೀಟರು ದೂರದಿಂದ ಗುಂಡು ಹೊಡೆಯಬೇಕಾಗಿತ್ತು. ದುಂಡನೆಯ ಗೆರೆಯಲ್ಲಿ ಗೆರೆ ಮಾತ್ರವಿದೆ; ಜಿಂಕೆಯ ಚಿತ್ರದಲ್ಲಿ ನೋಡುವವನ ಮನಸ್ಸು ಜಿಂಕೆಯನ್ನು ಕಲ್ಪಿಸದೆ ಇರದು. ಇದು ಹಿಟ್ಟಿನ ಕೋಳಿಯೇ.

ಮನಸ್ಸಿನ ಸ್ಥಿರತೆಯ ಮಾತಿಗೆ ಬರೋಣ. ಏಕಾಗ್ರತೆ ತನ್ನಷ್ಟಕ್ಕೆ ತಾನೇ ಪುಣ್ಯವಲ್ಲ. ಧ್ಯಾನಗಳು ನಾಲ್ಕು: ಆರ್ತ, ರೌದ್ರ, ಧರ್ಮ್ಯ, ಶುಕ್ಲ. ರೌದ್ರಧ್ಯಾನದಲ್ಲಿ ಮೊದಲನೆಯದೇ ಹಿಂಸಾನಂದ. ಕೆರೆಯ ದಂಡೆಯಲ್ಲಿ ಒಂಟಿಕಾಲಿನಲ್ಲಿ ನಿಂತ ಬಕವೂ ನಿಶ್ಚಲವಾಗಿಯೇ ಇರುತ್ತದೆ. ಸಾಮಾಯಿಕದಲ್ಲಿ ಮನಸ್ಸು ನಿಲ್ಲದಿರುವುದು ಕೊರತೆ ನಿಜ. ಬಂದೂಕಿನ ಹಿಂದೆ ಅದು ನಿಲ್ಲುವುದು ಆ ಕೊರತೆಗೆ ಔಷಧವಲ್ಲ. ಅಲ್ಲಿ ನಿಲ್ಲಲು ಫಲದ ಆಸೆ ಬೆನ್ನಿಗಿದೆ. ಸಾಮಾಯಿಕದಲ್ಲಿ ಅದನ್ನೇ ಬಿಡಬೇಕಾಗಿರುವುದರಿಂದ ಕಷ್ಟವಾಗುತ್ತದೆ.

ಅಭ್ಯಾಸವೇ ದಯೆಯೆಂಬ ವಾದ ಎಲ್ಲಕ್ಕಿಂತ ಕಠಿನವಾದುದು. ಕೊಲ್ಲಲೇಬೇಕೆಂದು ನಿಶ್ಚಯಿಸಿದವನಿಗೆ ಅದು ಸತ್ಯವೇ. ನೋವನ್ನು ಕಡಿಮೆ ಮಾಡಲು ಶ್ರಮಿಸುವವನ ಕಷಾಯವು ಉದಾಸೀನನ ಕಷಾಯಕ್ಕಿಂತ ಮಂದವಾದುದು. ಆದರೆ ಆ ದಯೆ ನಿಶ್ಚಯದ ಅನಂತರ ಹುಟ್ಟಿದ್ದು. ಯಾರ ನಿಶ್ಚಯವೇ ಬೇರೆಯೋ ಅವನಿಗೆ ಆ ದಯೆಯ ಅಗತ್ಯವಿಲ್ಲ. ವ್ರತಿಯು ಕೊಲ್ಲದಿರುವುದರಿಂದ ಅವನ ಅಭ್ಯಾಸ ಯಾವ ಜಿಂಕೆಯ ನೋವನ್ನೂ ಕಡಿಮೆ ಮಾಡುವುದಿಲ್ಲ.

ಹೀಗೆ ವಿಚಾರಿಸಿ ನಾನು ಮೂರು ಮಾತುಗಳನ್ನು ಬರೆದೆನು. ಒಂದು: ಗಾಳಿಯ ಲೆಕ್ಕ ಹೇಳಲು ಕಾಡಿಗೆ ಹೋಗಬೇಡ. ಕೈ ಬೇರೆಯವರದಾದರೂ ಆ ಗುಂಡಿಗೆ ದಾರಿ ತೋರಿಸಿದ ವಚನ ನಿನ್ನದಾಗುತ್ತದೆ. ಅಲ್ಲಿ ವ್ರತ ನಿಶ್ಚಯವಾಗಿ ಮುರಿಯುತ್ತದೆ. ಎರಡು: ಪ್ರಾಣಿಯ ಆಕೃತಿಯ ಗುರಿಯನ್ನು ಇಂದಿನಿಂದಲೇ ಬಿಡು. ಮೂರು: ದುಂಡನೆಯ ಗುರಿಯ ವಿಷಯದಲ್ಲಿ ನಿನ್ನ ಮನಸ್ಸೇ ಸಾಕ್ಷಿ. ಗುಂಡು ನಾಟಿದಾಗ ನೀನು ಕಂಡದ್ದು ಗೆರೆಯನ್ನೋ, ಜಿಂಕೆಯನ್ನೋ? ಎರಡನೆಯದಾದರೆ ಅದು ಅಪಧ್ಯಾನ. ಅನರ್ಥದಂಡವಿರತಿಗೆ ಸೇರಿದ ತ್ಯಾಜ್ಯ. ಈ ಮೂರನೆಯ ಮಾತು ನಮ್ಮ ಊರಿನ ಮನೆಗಳಿಗೂ ಅನ್ವಯಿಸುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ನಮ್ಮಲ್ಲಿ ಜಿಂಕೆಯ ಬೇಟೆ ಅಪರಾಧ. ಆದರೆ ಮೊಬೈಲಿನಲ್ಲಿ ಜಿಂಕೆಯನ್ನು ಅಟ್ಟಿ ಹೊಡೆಯುವ ಆಟವಾಡುತ್ತಿರುವ ಮಗುವಿನ ಪಕ್ಕದಲ್ಲಿಯೇ ನಾವು ಜಿಂಕೆಯ ಲಾಂಛನವುಳ್ಳ ಶಾಂತಿನಾಥ ಸ್ವಾಮಿಗೆ ಅರ್ಘ್ಯ ಎತ್ತುತ್ತಿದ್ದೇವೆ.

ಕೆಲವು ವಾರಗಳ ಮೇಲೆ ಉತ್ತರ ಬಂದಿತು. ಕಾಡಿಗೆ ಬರಲಾರೆನೆಂದು ತರುಣನು ನೆರೆಯವರಿಗೆ ತಿಳಿಸಿದ್ದನು. ಕಾರಣ ಕೇಳಿದಾಗ ಹಿಟ್ಟಿನ ಕೋಳಿಯ ಕಥೆಯನ್ನು ಹೇಳಿದನು. ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಿಟ್ಟಿನದಾದರೂ ಅದು ಕೂಗಿತು ಎಂದೆಯಲ್ಲವೇ?” ಎಂದು ಮತ್ತೊಮ್ಮೆ ಕೇಳಿದರಂತೆ. ಅವರು ಎಂದಿನಂತೆ ಬೇಟೆಗೆ ಹೋದರು. ಅಂದು ಹಿಮ ಬಿದ್ದಿತ್ತು. ಉಪವಾಸವಿದ್ದ ಈತನು ಸಲಿಕೆ ಹಿಡಿದು ಅವರ ಮನೆಯ ಮುಂದಿನ ದಾರಿಯನ್ನು ತೆಗೆದನು. ಬಂದೂಕಿನ ವಿಷಯ ಇನ್ನೂ ತೀರ್ಮಾನವಾಗಿಲ್ಲವೆಂದು ಮರೆಮಾಚದೆ ಬರೆದಿದ್ದಾನೆ.

ಸಾಮಾಯಿಕ, ಪ್ರೋಷಧೋಪವಾಸ ಮೊದಲಾದವಕ್ಕೆ ನಮ್ಮ ಆಚಾರ್ಯರು ಶಿಕ್ಷಾವ್ರತಗಳೆಂದು ಹೆಸರಿಟ್ಟರು. ಶಿಕ್ಷೆಯೆಂದರೆ ಇಲ್ಲಿ ದಂಡನೆಯಲ್ಲ, ಅಭ್ಯಾಸ. ಅಷ್ಟಮಿ-ಚತುರ್ದಶಿಗಳಲ್ಲಿ ಅನ್ನವನ್ನು ಬಿಟ್ಟು ಕುಳಿತವನೂ ಅಭ್ಯಾಸ ಮಾಡುತ್ತಿದ್ದಾನೆ. ಮೈದಾನದಲ್ಲಿ ಉಸಿರು ಹಿಡಿದು ಮಲಗಿದವನೂ ಅಭ್ಯಾಸ ಮಾಡುತ್ತಿದ್ದಾನೆ. ಒಬ್ಬನು ತನಗೆ ಬೇಕೆನಿಸಿದ್ದನ್ನು ಬಿಡಲು ಕಲಿಯುತ್ತಾನೆ, ಇನ್ನೊಬ್ಬನು ಬೇಕೆನಿಸಿದ್ದನ್ನು ದೂರದಿಂದಲೇ ಪಡೆಯಲು ಕಲಿಯುತ್ತಾನೆ. ಬಹುಕಾಲ ಅಭ್ಯಾಸ ಮಾಡಿದ್ದೇ ಆಪತ್ಕಾಲದಲ್ಲಿ ಕೈಗೆ ಬರುವುದು. ಆದುದರಿಂದ ನಾವು ದಿನದಿನವೂ ಯಾವುದನ್ನು ಅಭ್ಯಾಸ ಮಾಡುತ್ತಿದ್ದೇವೆಂಬುದನ್ನು ಪ್ರತಿಕ್ರಮಣದ ವೇಳೆಯಲ್ಲಿ ಒಮ್ಮೆ ಕೇಳಿಕೊಳ್ಳುವುದು ಶ್ರೇಯಸ್ಕರ.