ನೇತ್ರದಾನ: ಒಂದು ಧರ್ಮಜಿಜ್ಞಾಸೆ

ಕಾರವಾರದ ಹಬ್ಬುವಾಡದಲ್ಲಿ ಶ್ರೀಮಠದ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಿದೆ. ನೌಕರಿಯ ನಿಮಿತ್ತ ಬಯಲುಸೀಮೆಯಿಂದ ಕರಾವಳಿಗೆ ಬಂದು ಅಲ್ಲಿಯೇ ನೆಲೆಸಿದ ಕುಟುಂಬವದು. ಕಳೆದ ವರ್ಷ ಆ ಮನೆಯ ಹಿರಿಯರು ಲಿಂಗೈಕ್ಯರಾದಾಗ, ತಮ್ಮ ಕಣ್ಣುಗಳನ್ನು ದಾನ ಮಾಡಬೇಕೆಂದು ಅವರು ಬರೆದಿಟ್ಟಿದ್ದ ಪತ್ರ ಮಕ್ಕಳ ಕೈಗೆ ಬಂದಿತು. ಮಕ್ಕಳು ದೂರವಾಣಿಯಲ್ಲಿ ನಮ್ಮನ್ನು ಕೇಳಿದರು: "ಅಪ್ಪಾವರೇ, ಲಿಂಗ ಧರಿಸಿದ ದೇಹಕ್ಕೆ ಶಸ್ತ್ರ ಮುಟ್ಟಿಸಬಹುದೇ? ಕಣ್ಣಿಲ್ಲದ ದೇಹವನ್ನು ಸಮಾಧಿಗೆ ಇಳಿಸಿದರೆ ದೋಷವಿಲ್ಲವೇ?"

ನಾವು ಒಡನೆಯೇ ಉತ್ತರಿಸಲಿಲ್ಲ. ಬಲ್ಲವರೊಡನೆ ವಿಚಾರಿಸಿ ಸಂಜೆ ತಿಳಿಸುವುದಾಗಿ ಹೇಳಿದೆವು. ವಿಚಾರ ಮುಗಿಯುವಷ್ಟರಲ್ಲಿ ಆರು ತಾಸು ಕಳೆದುಹೋಗಿತ್ತು. ಮೃತರ ಕಣ್ಣುಗಳನ್ನು ಪಡೆಯಲು ವೈದ್ಯರಿಗೆ ಇರುವ ಅವಧಿಯೂ ಸಾಮಾನ್ಯವಾಗಿ ಅಷ್ಟೇ. ಇತ್ತೀಚೆಗೆ ಆ ಮನೆಗೆ ಹೋದಾಗ, ವೈದ್ಯಕೀಯ ಓದುತ್ತಿರುವ ಮೊಮ್ಮಗ ನಮ್ಮ ಅಳಲನ್ನು ಅರಿತು, "ಇನ್ನು ಮುಂದೆ ಪ್ರಯೋಗಾಲಯದಲ್ಲಿಯೇ ಕಾರ್ನಿಯಾ ತಯಾರಾಗುತ್ತದೆ, ಅಪ್ಪಾವರೇ. ಅಜ್ಜನ ಕಣ್ಣು ಮಣ್ಣಿಗೆ ಹೋಯಿತೆಂದು ನೊಂದುಕೊಳ್ಳಬೇಡಿರಿ" ಎಂದನು. ಅದು ಸಮಾಧಾನದ ಮಾತು. ಆದರೆ ನಮಗೆ ಸಮಾಧಾನವಾಗಲಿಲ್ಲ. ಆ ತರುಣನ ಮಾತನ್ನೂ ಆ ಮಕ್ಕಳ ಪ್ರಶ್ನೆಯನ್ನೂ ಸದ್ಭಕ್ತರೊಡನೆ ಇಲ್ಲಿ ವಿಚಾರಿಸಬಯಸುತ್ತೇವೆ.

ಕಾರ್ನಿಯಾ ಅಥವಾ ಪಾರಪಟಲವೆಂಬುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಅದರಲ್ಲಿ ರಕ್ತನಾಳಗಳಿಲ್ಲ, ಬೇಕಾದ ಆಮ್ಲಜನಕವನ್ನು ಅದು ಬಹುಮಟ್ಟಿಗೆ ಹೊರಗಿನ ಗಾಳಿಯಿಂದಲೇ ಪಡೆಯುತ್ತದೆ. ಈ ಪದರ ಕಲೆಗಟ್ಟಿ ಬೆಳ್ಳಗಾದರೆ ನಮ್ಮ ಜನ "ಕಣ್ಣಲ್ಲಿ ಹೂ ಬಿದ್ದಿದೆ" ಎನ್ನುತ್ತಾರೆ. ಇದು ಮುಪ್ಪಿನ ಪೊರೆಯಲ್ಲ. ದುಡಿಯುವ ವಯಸ್ಸಿನವರನ್ನೂ ಎಳೆಯರನ್ನೂ ಬಾಧಿಸುವ ವ್ಯಾಧಿ. ಅಂಕೋಲೆಯ ಕಡೆಯ ಗದ್ದೆಗಳಲ್ಲಿ ಭತ್ತ ಕೊಯ್ಯುವವನ ಕಣ್ಣಿಗೆ ಒಂದು ಗರಿ ತಾಗಿ, ಆ ಗಾಯದೊಳಗೆ ಶಿಲೀಂಧ್ರ ಬೆಳೆದರೂ ಸಾಕು, ದೃಷ್ಟಿ ಹೋಗಬಹುದು. ಸುಣ್ಣ ಸಿಡಿದರೂ ಹಾಗೆಯೇ.

ಸುಣ್ಣದಿಂದ ಕುರುಡನಾದ ಕೂಲಿಕಾರನೊಬ್ಬನಿಂದಲೇ ಈ ಚಿಕಿತ್ಸೆಯ ಇತಿಹಾಸ ಆರಂಭವಾಗುವುದು ಗಮನಾರ್ಹ. 1905ರ ಡಿಸೆಂಬರ್ 7ರಂದು, ಇಂದು ಚೆಕ್ ದೇಶಕ್ಕೆ ಸೇರಿರುವ ಓಲೊಮೌಟ್ಸ್ ಪಟ್ಟಣದಲ್ಲಿ, ಎಡ್ವರ್ಡ್ ಜಿರ್ಮ್ ಎಂಬ ವೈದ್ಯನು ಅಲೋಯ್ಸ್ ಗ್ಲೋಗರ್ ಎಂಬ ಆ ಕೂಲಿಕಾರನಿಗೆ ಪಾರಪಟಲವನ್ನು ಕಸಿ ಮಾಡಿ ದೃಷ್ಟಿ ಮರಳಿಸಿದನು. ಕಸಿಗೆ ಒದಗಿದ್ದು, ಲೋಹದ ಚೂರು ಹೊಕ್ಕು ತೆಗೆಯಲೇಬೇಕಾಗಿದ್ದ ಹನ್ನೊಂದು ವರ್ಷದ ಬಾಲಕನೊಬ್ಬನ ಕಣ್ಣು. ಒಬ್ಬನ ನಷ್ಟ ಇನ್ನೊಬ್ಬನ ಬೆಳಕಾಯಿತು.

ನಮ್ಮ ನಾಡಿನಲ್ಲಿ ಈ ವಿಚಾರ ಮನೆಮನೆಯ ಮಾತಾದುದು ಡಾ. ರಾಜಕುಮಾರ್ ಅವರಿಂದ. 1954ರಲ್ಲಿ ಬೇಡರ ಕಣ್ಣಪ್ಪನ ಪಾತ್ರದಿಂದ ನಾಯಕನಟರಾದ ಅವರು 2006ರಲ್ಲಿ ನಿಧನರಾದಾಗ ಅವರ ಕಣ್ಣುಗಳು ದಾನವಾಗಿ ಸಂದವು. 2021ರ ಅಕ್ಟೋಬರ್ 29ರಂದು ಅವರ ಪುತ್ರ ಪುನೀತ್ ಅಕಾಲದಲ್ಲಿ ತೀರಿಕೊಂಡಾಗ, ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಪಾರಪಟಲವನ್ನೂ ಮುಂಪದರ, ಹಿಂಪದರವೆಂದು ಬೇರ್ಪಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ನೀಡಿದರು. ವಿಜ್ಞಾನವು ದಾನವನ್ನು ಅನಾವಶ್ಯಕಗೊಳಿಸಲಿಲ್ಲ, ಇಮ್ಮಡಿಗೊಳಿಸಿತು.

ಈಗ ತರುಣನು ಹೇಳಿದ ಸಂಶೋಧನೆಯ ವಿಚಾರ. ಸ್ವೀಡನ್ನಿನ ಲಿಂಶೋಪಿಂಗ್ ವಿಶ್ವವಿದ್ಯಾಲಯದ ನೀಲ್ ಲಗಾಲಿ, ಮೆಹರ್‌ದಾದ್ ರಫತ್ ಮತ್ತು ಅವರ ಸಂಗಡಿಗರು ಹಂದಿಯ ಚರ್ಮದಿಂದ ಶುದ್ಧೀಕರಿಸಿದ ಕೊಲ್ಯಾಜೆನ್ ಎಂಬ ಪ್ರೋಟೀನಿನಿಂದ ಪಾರದರ್ಶಕ ಪದರವನ್ನು ನಿರ್ಮಿಸಿದರು. ಪಾರಪಟಲವು ತೆಳುವಾಗಿ ಶಂಕುವಿನಂತೆ ಮುಂಚಾಚುವ ರೋಗದಿಂದ ಬಳಲುತ್ತಿದ್ದ ಭಾರತ ಮತ್ತು ಇರಾನಿನ 20 ಜನರಿಗೆ ಅದನ್ನು ಅಳವಡಿಸಿದ ಫಲಿತಾಂಶವು 2022ರಲ್ಲಿ ಪ್ರಕಟವಾಯಿತು. ಅವರಲ್ಲಿ 14 ಜನ ಮೊದಲು ಅಂಧರೆಂದೇ ಪರಿಗಣಿತರಾಗಿದ್ದರು; ಎರಡು ವರ್ಷಗಳ ಬಳಿಕ ಒಬ್ಬರೂ ಅಂಧರಾಗಿರಲಿಲ್ಲ. ದಾನದಿಂದ ಬಂದ ಪಾರಪಟಲವನ್ನು ಸುಮಾರು ಎರಡು ವಾರದೊಳಗೆ ಬಳಸಬೇಕು. ಈ ಪದರವನ್ನು ಎರಡು ವರ್ಷದವರೆಗೆ ಕಾಪಿಡಬಹುದೆಂದು ಸಂಶೋಧಕರು ತಿಳಿಸಿದ್ದಾರೆ. ಇದು ಶ್ಲಾಘನೀಯ ಸಾಧನೆ. ಆದರೆ ಆ ಪ್ರಯೋಗ ನಡೆದದ್ದು ಒಂದು ಬಗೆಯ ರೋಗಕ್ಕೆ. ಪಾರಪಟಲದ ಒಳಮೈಯ ಜೀವಕೋಶಗಳೇ ನಶಿಸಿದವರಿಗೆ ಅದು ಪರಿಹಾರವಲ್ಲ. ಅದೇ ವರ್ಷ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯೂ ಅಲ್ಲಿನ ಇತರ ಎರಡು ಸಂಸ್ಥೆಗಳೂ ಕೂಡಿ ಯಂತ್ರದಿಂದ ಮುದ್ರಿಸಿದ ಪಾರಪಟಲವನ್ನು ಮೊಲದ ಕಣ್ಣಿನಲ್ಲಿ ಪರೀಕ್ಷಿಸಿದವು. ಅದಕ್ಕೆ ಮೂಲದ್ರವ್ಯವಾದುದು ಮಾನವನ ಕಣ್ಣಿನಿಂದ ಪಡೆದ ಅಂಗಾಂಶವೇ. ಅಂದರೆ ಪ್ರಯೋಗಾಲಯದ ಬಾಗಿಲಲ್ಲಿಯೂ ದಾನಿಯೇ ಮೊದಲು ನಿಂತಿದ್ದಾನೆ.

ಮಕ್ಕಳ ಪ್ರಶ್ನೆಗೆ ಬರೋಣ. ಕರಸ್ಥಲದ ಲಿಂಗವನ್ನು ಅನಿಮಿಷವಾಗಿ ನೋಡಿದ ಕಣ್ಣು ಪವಿತ್ರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪವಿತ್ರವಾದುದನ್ನು ಮಣ್ಣಿಗೆ ಕೊಡಬಹುದು, ಮನುಷ್ಯನಿಗೆ ಕೊಡಬಾರದು ಎಂಬ ನಿಯಮವೆಲ್ಲಿದೆ? ಪ್ರಸಾದವು ಪವಿತ್ರವಾದುದರಿಂದಲೇ ಹಂಚಲ್ಪಡುತ್ತದೆ. ಕಾಯವು ಪ್ರಸಾದವೆಂದು ನಂಬಿದವನಿಗೆ ಕಣ್ಣೂ ಹಂಚತಕ್ಕದ್ದೇ. ವೈದ್ಯರು ಅನೇಕ ವೇಳೆ ಪಾರಪಟಲವನ್ನಷ್ಟೇ ತೆಗೆಯುತ್ತಾರೆ. ಮುಖ ವಿಕಾರಗೊಳ್ಳುವುದಿಲ್ಲ, ಸಮಾಧಿಕ್ರಿಯೆಗೆ ಯಾವ ಅಡ್ಡಿಯೂ ಇಲ್ಲ. ಈ ಉತ್ತರವನ್ನು ಅಂದೇ ಹೇಳಬೇಕಾಗಿತ್ತು. ಹೇಳದಿದ್ದುದು ಶಾಸ್ತ್ರದ ಕೊರತೆಯಲ್ಲ, ನಮ್ಮ ಅಂಜಿಕೆ.

ಹಂದಿಯ ಚರ್ಮದ ಮಾತು ಕೇಳಿ ಕೆಲವು ಭಕ್ತರು ಮುಖ ಸಿಂಡರಿಸಬಹುದು. ಅದು ಅವರವರ ಅಂತಃಸಾಕ್ಷಿಗೆ ಬಿಟ್ಟ ವಿಷಯ. ವೈದ್ಯನು ಮೊದಲೇ ತಿಳಿಸಲಿ, ರೋಗಿ ನಿರ್ಧರಿಸಲಿ. ಕಣ್ಣು ಕಾಣದವನು ಅದನ್ನು ಸ್ವೀಕರಿಸಿದರೆ ಅವನ ನಿಷ್ಠೆಗೆ ಭಂಗವಾಯಿತೆಂದು ನಾವು ಭಾವಿಸುವುದಿಲ್ಲ. ಆದರೆ ಒಂದು ಮಾತು: ಪ್ರಾಣಿಯದು ಬೇಡವೆನ್ನುವವನು ಮನುಷ್ಯನ ಕಣ್ಣನ್ನೇ ಬಯಸಬೇಕಾಗುತ್ತದೆ. ಹಾಗೆ ಬಯಸುವವನು ತನ್ನ ಕಣ್ಣನ್ನು ಕೊಡಲು ಒಲ್ಲೆನೆಂದರೆ ಅದು ನಿಷ್ಠೆಯಲ್ಲ, ಜಿಪುಣತನ.

ಕೊನೆಯ ಪ್ರಶ್ನೆಯೇ ಮುಖ್ಯವಾದುದು. ಮುಂದೊಂದು ದಿನ ಎಲ್ಲ ಬಗೆಯ ಪಾರಪಟಲಗಳೂ ಪ್ರಯೋಗಾಲಯದಲ್ಲಿ ಸಿದ್ಧವಾದರೆ ನೇತ್ರದಾನಕ್ಕೆ ಅರ್ಥವೇನು? ಅರ್ಥವಿರಬೇಕಾಗಿಲ್ಲ, ಆ ದಿನ ನಾವು ಸಂತೋಷಪಡಬೇಕು. ಕಣ್ಣಪ್ಪನು ಒಂದು ಕಣ್ಣನ್ನು ಶಿವನಿಗೆ ಇಟ್ಟು, ಇನ್ನೊಂದನ್ನೂ ಕೀಳಲು ಮುಂದಾದಾಗ ಶಿವನು ಅವನ ಕೈ ತಡೆದನು. ತನ್ನ ಎರಡನೆಯ ದಾನ ವ್ಯರ್ಥವಾಯಿತೆಂದು ಕಣ್ಣಪ್ಪನು ದುಃಖಿಸಿದನೇ? ಅವನಿಗೆ ಬೇಕಾಗಿದ್ದುದು ಶಿವನ ಕಣ್ಣಿನ ನೆತ್ತರು ನಿಲ್ಲುವುದು, ದಾನಿಯೆಂಬ ಹೆಸರಲ್ಲ. ತಾನು ಕೊಡುವವನೆಂಬ ಅಹಂಭಾವ ಉಳಿದರೆ ಅದು ದಾನ. ಪಡೆಯುವವನ ಕೊರತೆ ನೀಗಿತೆಂಬ ಸಂತೋಷವೊಂದೇ ಉಳಿದರೆ ಅದು ದಾಸೋಹ. ಸಂಶೋಧಕನೂ ದಾನಿಯೂ ಇದೇ ದಾಸೋಹದ ಇಬ್ಬರು ಕಾಯಕಜೀವಿಗಳು.

ಆದರೆ ಶಿವನು ಕೈ ತಡೆಯುವ ಮುನ್ನವೇ ಕೈ ಹಿಂದೆಗೆಯುವವನು ಕಣ್ಣಪ್ಪನಲ್ಲ. ಆ ದಿನ ಇನ್ನೂ ಬಂದಿಲ್ಲ. ಬೇರೊಂದು ಕಣ್ಣಿಗಾಗಿ ಕಾಯುತ್ತಿರುವವನಿಗೆ ನಾಳೆಯ ಪ್ರಯೋಗಾಲಯವನ್ನು ತೋರಿಸಿ ಇಂದಿನ ಕಣ್ಣನ್ನು ಮಣ್ಣಿಗೆ ಕೊಡುವುದು ನ್ಯಾಯವಲ್ಲ.

ಆದಕಾರಣ ಸದ್ಭಕ್ತರು ತಮ್ಮ ಇಚ್ಛೆಯನ್ನು ಬರೆದಿಟ್ಟರೆ ಸಾಲದು. ಮನೆಯವರಿಗೆ ಬಾಯಿಬಿಟ್ಟು ಹೇಳಿರಬೇಕು. ಕನ್ನಡಕ ಧರಿಸಿದವರೂ, ಪೊರೆಯ ಶಸ್ತ್ರಚಿಕಿತ್ಸೆ ಆದವರೂ, ವೃದ್ಧರೂ ಕೊಡಬಹುದು. ಉಸಿರು ನಿಂತೊಡನೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಅರಳೆಯಿಟ್ಟು, ತಲೆಯನ್ನು ತುಸು ಎತ್ತರಿಸಿ, ಫ್ಯಾನನ್ನು ನಿಲ್ಲಿಸಿ, ನೇತ್ರನಿಧಿಗೆ ತಿಳಿಸಬೇಕು. ಆಮೇಲೆ ಮಠಕ್ಕೆ ತಿಳಿಸಿರಿ. ಅಪ್ಪಣೆಗಾಗಿ ಕಾಯಬೇಡಿರಿ, ಅಪ್ಪಣೆಯನ್ನು ಈ ಬರಹದಲ್ಲಿಯೇ ಕೊಟ್ಟಿದ್ದೇವೆ.